ಕ್ವಾಯ್ ನದಿಯ ಸೇತುವೆ ಮತ್ತು ಎಂಟನೆಯ ಕಟ್ಟಳೆ



ಯುದ್ಧದ ಚಲನಚಿತ್ರವೊಂದನ್ನು ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡುವಾಗ ಮಕ್ಕಳು ಕೇಳುವ ಒಂದು ಪ್ರಶ್ನೆಯುಂಟು: "ಇದು ನಿಜವಾಗಿ ನಡೆದದ್ದೇ?" ಹಾಸ್ಯಚಿತ್ರವನ್ನು ನೋಡುವಾಗ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಯುದ್ಧದ ಚಿತ್ರದ ಮುಂದೆ ಏಳುತ್ತದೆ. ಏಕೆಂದರೆ ತೆರೆಯ ಮೇಲೆ ಬೀಳುವವರಂತೆಯೇ ಎಲ್ಲೋ ಒಂದು ಕಡೆ ಯಾರದೋ ಮಗ, ಯಾರದೋ ಗಂಡ ನಿಜವಾಗಿಯೂ ಬಿದ್ದಿದ್ದಾನೆಂಬುದು ಮಗುವಿನ ಮನಸ್ಸಿಗೂ ಗೊತ್ತು. ಹಿರಿಯರಾದ ನಾವು ಸಾಮಾನ್ಯವಾಗಿ "ಹೌದು, ಚರಿತ್ರೆಯಲ್ಲಿ ನಡೆದದ್ದೇ" ಎಂದು ಹೇಳಿ ಮಾತು ಮುಗಿಸುತ್ತೇವೆ.

ಆ ಉತ್ತರ ಅನೇಕ ವೇಳೆ ಅರ್ಧ ಮಾತ್ರ ಸರಿಯಾಗಿರುತ್ತದೆ. ಬಂದೂಕು, ಸಮವಸ್ತ್ರ, ದಿನಾಂಕ, ಸ್ಥಳಗಳ ನಿಖರತೆ ಒಂದು ಬಗೆಯ ನಿಜ. ಮನುಷ್ಯರ ಬಗ್ಗೆ ಆಡುವ ಮಾತಿನ ನಿಜ ಮತ್ತೊಂದು ಬಗೆಯದು. ಮೊದಲನೆಯದು ಕಣ್ಣಿಗೆ ಕಂಡೊಡನೆ ಎರಡನೆಯದೂ ಜೊತೆಗಿದೆಯೆಂದು ನಾವು ನಂಬಿಬಿಡುತ್ತೇವೆ. ಈ ನಂಬಿಕೆಯನ್ನು ಮೂರು ಪ್ರಸಿದ್ಧ ಚಿತ್ರಗಳನ್ನು ಮುಂದಿಟ್ಟುಕೊಂಡು ನಿಮ್ಮೊಂದಿಗೆ ಪರಿಶೀಲಿಸಬಯಸುತ್ತೇನೆ.

ಒಂದು ಅಪೂರ್ವ ಚಿತ್ರ

'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' 1957ರಲ್ಲಿ ತೆರೆಕಂಡಿತು. ನಿರ್ದೇಶಕರು ಡೇವಿಡ್ ಲೀನ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆ ಸಿಕ್ಕ ಬ್ರಿಟಿಷ್ ಸೈನಿಕರು ಥಾಯ್ಲೆಂಡಿನ ಕಾಡಿನಲ್ಲಿ ರೈಲು ಸೇತುವೆಯೊಂದನ್ನು ಕಟ್ಟುವ ಕಥೆ ಅದು. ಕೈದಿಗಳಲ್ಲಿ ಅಧಿಕಾರಿಗಳಾದವರೂ ಕೂಲಿ ಕೆಲಸ ಮಾಡಬೇಕೆಂದು ಶಿಬಿರದ ಮುಖ್ಯಸ್ಥನಾದ ಕರ್ನಲ್ ಸೈತೋ ಆಜ್ಞಾಪಿಸುತ್ತಾನೆ. ಬ್ರಿಟಿಷ್ ಕರ್ನಲ್ ನಿಕೋಲ್ಸನ್ ಜಿನೀವಾ ಒಪ್ಪಂದವನ್ನು ಮುಂದಿಟ್ಟು ನಿರಾಕರಿಸುತ್ತಾನೆ. ಸುಡುಬಿಸಿಲಿನಲ್ಲಿ ತಗಡಿನ ಗೂಡಿನೊಳಗೆ ಕೂಡಿಹಾಕಿದರೂ ಬಗ್ಗದೆ ಕಡೆಗೆ ಗೆಲ್ಲುತ್ತಾನೆ. ಆದರೆ ಗೆದ್ದ ಮೇಲೆ ಅವನಲ್ಲಿ ಬೇರೊಂದು ಹಟ ಹುಟ್ಟುತ್ತದೆ. ತನ್ನ ಪಡೆಯ ಶಿಸ್ತನ್ನೂ ಬ್ರಿಟಿಷರ ಸಾಮರ್ಥ್ಯವನ್ನೂ ಲೋಕಕ್ಕೆ ತೋರಿಸಬೇಕೆಂದು ಅವನು ಶತ್ರುವಿಗಾಗಿ ಅತ್ಯುತ್ತಮವಾದ ಸೇತುವೆಯೊಂದನ್ನು ಕಟ್ಟಿಸುತ್ತಾನೆ. ಅದಕ್ಕಾಗಿ ರೋಗಿಗಳನ್ನೂ ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ ಒಯ್ಯುತ್ತಾನೆ. ಸೇತುವೆಯನ್ನು ಸ್ಫೋಟಿಸಲು ಬಂದ ತನ್ನದೇ ಪಕ್ಷದವರನ್ನು ತಡೆಯಲು ಹೋಗುತ್ತಾನೆ. ತಾನು ಮಾಡಿದ್ದೇನೆಂಬ ಅರಿವು ಅವನಿಗಾಗುವುದು ಕಟ್ಟಕಡೆಯ ಗಳಿಗೆಯಲ್ಲಿ.

ಗುರುಮಠದಲ್ಲಿ ಓದುತ್ತಿದ್ದಾಗ ನಾನು ಈ ಚಿತ್ರವನ್ನು ಮೊದಲು ನೋಡಿದೆ. ಹರಕು ಬಟ್ಟೆಯ ಕೈದಿಗಳು ಸಿಳ್ಳೆಯಲ್ಲಿ ಒಂದು ನಡಿಗೆಯ ರಾಗವನ್ನು ಹಾಡುತ್ತ ಶಿಬಿರದೊಳಕ್ಕೆ ಬರುವ ದೃಶ್ಯವನ್ನು ನೋಡಿದವರು ಮರೆಯಲಾರರು. ವಾರಗಟ್ಟಲೆ ಆ ಸಿಳ್ಳೆ ನಮ್ಮ ಪಡಸಾಲೆಗಳಲ್ಲಿ ಕೇಳಿಬರುತ್ತಿತ್ತು. ಅಹಂಕಾರವು ಯಾವಾಗಲೂ ದುಷ್ಟನ ವೇಷದಲ್ಲೇ ಬರುವುದಿಲ್ಲ, ಕರ್ತವ್ಯದ ವೇಷದಲ್ಲಿ, ಶಿಸ್ತಿನ ವೇಷದಲ್ಲಿ, ಧೈರ್ಯದ ವೇಷದಲ್ಲಿಯೂ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರಗಳು ವಿರಳ. ನೀತಿಶಾಸ್ತ್ರದ ತರಗತಿಯಲ್ಲಿ ಒಂದು ತಿಂಗಳು ಕಲಿತದ್ದನ್ನು ಆ ಚಿತ್ರ ಎರಡೂಮುಕ್ಕಾಲು ಗಂಟೆಯಲ್ಲಿ ಮನಸ್ಸಿಗೆ ಇಳಿಸಿತು. ನಿಕೋಲ್ಸನ್ ಪಾತ್ರ ವಹಿಸಿದ ಅಲೆಕ್ ಗಿನ್ನೆಸ್ ಈ ಚಿತ್ರ ತೆರೆಕಾಣುವುದಕ್ಕೆ ಒಂದು ವರ್ಷ ಮುಂಚೆ, 1956ರಲ್ಲಿ, ಕಥೋಲಿಕ ಧರ್ಮಸಭೆಯನ್ನು ಸೇರಿದ್ದರು. ಏಳು ಆಸ್ಕರ್ ಪ್ರಶಸ್ತಿಗಳು ಈ ಚಿತ್ರಕ್ಕೆ ಬಂದವು. ಅವುಗಳಲ್ಲಿ ಒಂದು ಗಿನ್ನೆಸ್ ಅವರದು.

ಹೊರನೋಟದ ನೈಜತೆಗೆ ಲೀನ್ ಪಟ್ಟ ಶ್ರಮವೂ ಸಣ್ಣದಲ್ಲ. ಸಿಂಹಳದ, ಅಂದರೆ ಇಂದಿನ ಶ್ರೀಲಂಕಾದ ಕಿತುಲ್‌ಗಲದಲ್ಲಿ, ಕೆಲನಿ ನದಿಗೆ ಅಡ್ಡವಾಗಿ ನಿಜವಾದ ಸೇತುವೆಯನ್ನೇ ಕಟ್ಟಲಾಯಿತು. ಅದರ ಮೇಲೆ ನಿಜವಾದ ರೈಲನ್ನು ಓಡಿಸಿ, ನಿಜವಾಗಿಯೇ ಸ್ಫೋಟಿಸಲಾಯಿತು. ಕಾಡು ನಿಜ, ಬೆವರು ನಿಜ, ಮರ ನಿಜ. ಇಷ್ಟೆಲ್ಲ ನಿಜವಾಗಿರುವಾಗ ಕಥೆಯೂ ನಿಜವಾಗಿರಲೇಬೇಕೆಂದು ನಾನು ನಂಬಿದೆ. ಅನೇಕ ವರ್ಷ ಹಾಗೆಯೇ ನಂಬಿದ್ದೆ.

ನದಿಯ ದಡದಲ್ಲಿ ನಡೆದದ್ದು

ಚರಿತ್ರೆ ಹೇಳುವುದು ಬೇರೆ. ಥಾಯ್ಲೆಂಡಿನ ಬಾನ್ ಪೊಂಗ್‌ನಿಂದ ಬರ್ಮಾದ ಥಾನ್‌ಬ್ಯೂಜಯಾತ್‌ವರೆಗೆ 415 ಕಿಲೋಮೀಟರ್ ಉದ್ದದ ರೈಲುಮಾರ್ಗವನ್ನು ಜಪಾನೀ ಸೇನೆ 1942 ಮತ್ತು 1943ರಲ್ಲಿ ಕಟ್ಟಿಸಿತು. ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ದುಡಿದರು. ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಹಸಿವಿನಿಂದ, ಕಾಲರಾದಿಂದ, ಹೊಡೆತದಿಂದ ಸತ್ತರು. ತಾಮರ್ಕನ್ ಎಂಬಲ್ಲಿ ನದಿಗೆ ಅಡ್ಡಲಾಗಿ ಎರಡು ಸೇತುವೆಗಳನ್ನು ಕಟ್ಟಲಾಯಿತು: ಮೊದಲು ಮರದ್ದು, ಬಳಿಕ ಉಕ್ಕು ಮತ್ತು ಕಾಂಕ್ರೀಟಿನದು. ಯಾವ ಗುಪ್ತದಳವೂ ಬಂದು ಅವನ್ನು ಸ್ಫೋಟಿಸಲಿಲ್ಲ. 1945ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಹಾಕಿ ಅವನ್ನು ಹಾಳುಗೆಡವಿದವು.

ಆ ಶಿಬಿರದಲ್ಲಿದ್ದ ಹಿರಿಯ ಬ್ರಿಟಿಷ್ ಅಧಿಕಾರಿಯ ಹೆಸರು ಲೆಫ್ಟಿನೆಂಟ್ ಕರ್ನಲ್ ಫಿಲಿಪ್ ಟೂಸಿ. 1942ರ ಫೆಬ್ರವರಿಯಲ್ಲಿ ಸಿಂಗಪುರ ಶರಣಾಗುವುದಕ್ಕೆ ಮುಂಚೆ, ಅಲ್ಲಿಂದ ಪಾರಾಗಿ ಹೋಗುವಂತೆ ಅವರಿಗೆ ಆಜ್ಞೆ ಬಂದಿತ್ತು. ತನ್ನ ಸೈನಿಕರನ್ನು ಬಿಟ್ಟು ಹೋಗಲಾರೆನೆಂದು ಅವರು ಉಳಿದರು, ಸೆರೆಯಾದರು. ಸೇತುವೆ ಕಟ್ಟಲು ನಿರಾಕರಿಸಿದರೆ ತನ್ನವರ ಕೊಲೆಯಾಗುವುದೆಂದು ತಿಳಿದು ಕೆಲಸಕ್ಕೆ ಒಪ್ಪಿದರು. ಒಪ್ಪಿಕೊಂಡೇ, ಸಾಧ್ಯವಾದ ಕಡೆಯೆಲ್ಲ ಕೆಲಸವನ್ನು ತಡಮಾಡಿಸಿದರು. ಮರದ ಸೇತುವೆಯನ್ನು ತಿನ್ನಲೆಂದು ಕೈದಿಗಳು ಗೆದ್ದಲುಗಳನ್ನು ಹಿಡಿದು ತಂದು ಬಿಟ್ಟರು. ಬೂನ್‌ಪೊಂಗ್ ಎಂಬ ಥಾಯ್ ವರ್ತಕನು ಪ್ರಾಣದ ಹಂಗು ತೊರೆದು ಔಷಧವನ್ನೂ ಆಹಾರವನ್ನೂ ಗುಟ್ಟಾಗಿ ಒದಗಿಸಿದಾಗ ಅದನ್ನು ರೋಗಿಗಳಿಗೆ ತಲುಪಿಸಿದವರು ಇವರೇ. ತನ್ನವರಿಗಾಗಿ ವಾದಿಸಿ ಏಟು ತಿಂದವರೂ ಇವರೇ.

ಈಗ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ತೆರೆಯ ಮೇಲಿನ ಕರ್ನಲ್ ರೋಗಿಗಳನ್ನು ಎಬ್ಬಿಸಿ ಶತ್ರುವಿಗೆ ಸೇತುವೆ ಕಟ್ಟಿಸಿಕೊಟ್ಟವನು. ನದಿಯ ದಡದಲ್ಲಿದ್ದ ಕರ್ನಲ್ ರೋಗಿಗಳನ್ನು ಬದುಕಿಸಲು ಹೆಣಗಿದವರು. ಚಿತ್ರದಲ್ಲಿ ಟೂಸಿಯವರ ಹೆಸರಿಲ್ಲ, ನಿಜ. ಆದರೆ ಸ್ಥಳದ ಹೆಸರಿದೆ, ಸೇತುವೆ ಇದೆ, ಬ್ರಿಟಿಷ್ ಕರ್ನಲ್ ಇದ್ದಾನೆ. ಆ ಹುದ್ದೆಯಲ್ಲಿದ್ದವರು ಯಾರೆಂಬುದು ಅಲ್ಲಿ ದುಡಿದು ಬದುಕಿ ಬಂದವರಿಗೆಲ್ಲ ಗೊತ್ತಿತ್ತು. ಹಳೆಯ ಕೈದಿಗಳಲ್ಲಿ ಅನೇಕರು ನೊಂದರು, ಪ್ರತಿಭಟಿಸಿದರು. 1975ರಲ್ಲಿ ತೀರಿಕೊಂಡ ಟೂಸಿಯವರು ಮಾತ್ರ ತನ್ನನ್ನು ವೀರನೆಂದು ಮೆರೆಸಿಕೊಳ್ಳಲು ಇಷ್ಟಪಟ್ಟವರಲ್ಲ.

ಮತ್ತೊಂದು ಸಂಗತಿ ಇನ್ನೂ ಮನಕಲಕುವಂಥದು. ಆ ಶಿಬಿರದಲ್ಲಿ ಸೈತೋ ಎಂಬ ಹೆಸರಿನ ಜಪಾನೀ ಸಾರ್ಜೆಂಟ್ ಮೇಜರ್ ಒಬ್ಬರಿದ್ದರು. ಚಿತ್ರದ ಸೈತೋನಂತೆ ಕ್ರೂರಿಯಲ್ಲ, ಇತರರಿಗೆ ಹೋಲಿಸಿದರೆ ನ್ಯಾಯವಂತರು. ಯುದ್ಧ ಮುಗಿದು ಜಪಾನೀಯರ ಅಪರಾಧಗಳ ವಿಚಾರಣೆ ನಡೆಯುವಾಗ ಅವರ ಪರವಾಗಿ ಮಾತನಾಡಿ ಅವರನ್ನು ಉಳಿಸಿದವರು ಟೂಸಿ. ಟೂಸಿಯವರ ಮರಣಾನಂತರ ಸೈತೋ ಅವರು ಜಪಾನಿನಿಂದ ಇಂಗ್ಲೆಂಡಿಗೆ ಹೋಗಿ ಅವರ ಸಮಾಧಿಯ ಮುಂದೆ ನಿಂತರು. ವೈರಿಯನ್ನು ಪ್ರೀತಿಸಿರೆಂದು ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸಿದ್ದಕ್ಕೆ ಇಂಥ ದೃಷ್ಟಾಂತ ಯುದ್ಧದ ಚರಿತ್ರೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಏಳು ಆಸ್ಕರ್‌ಗಳ ಚಿತ್ರದಲ್ಲಿ ಇದಕ್ಕೆ ಎಡೆಯಿಲ್ಲ.

ಕಥೆಗಾರನ ಸ್ವಾತಂತ್ರ್ಯ

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇದು ಕಾದಂಬರಿಯನ್ನು ಆಧರಿಸಿದ ಚಿತ್ರವಲ್ಲವೇ, ಕಾದಂಬರಿಕಾರನಿಗೆ ಕಲ್ಪಿಸುವ ಸ್ವಾತಂತ್ರ್ಯವಿಲ್ಲವೇ ಎಂದು ನೀವು ಕೇಳಬಹುದು. ಖಂಡಿತವಾಗಿ ಇದೆ. 1952ರಲ್ಲಿ ಮೂಲ ಕಾದಂಬರಿ ಬರೆದ ಪಿಯೆರ್ ಬೂಲ್ ಫ್ರೆಂಚರು. ಯುದ್ಧಕಾಲದಲ್ಲಿ ಇಂಡೋಚೈನಾದಲ್ಲಿ ಸೆರೆಯಲ್ಲಿದ್ದವರು. ಶತ್ರುವಿನೊಂದಿಗೆ ಕೈಜೋಡಿಸಿದ ಫ್ರೆಂಚ್ ಅಧಿಕಾರಿಗಳನ್ನು ಕಂಡು ತಾನು ನಿಕೋಲ್ಸನ್‌ನನ್ನು ರೂಪಿಸಿದೆನೆಂದು ಅವರೇ ಹೇಳಿದ್ದರು. ಅವರು ಕಂಡ ಸತ್ಯ ಸುಳ್ಳಲ್ಲ. ಆದರೆ ಆ ಸತ್ಯ ನಡೆದದ್ದು ಬೇರೆಲ್ಲೋ, ಅದನ್ನು ಹೊರಿಸಿದ್ದು ಈ ನದಿಯ ದಡದವರ ಮೇಲೆ.

ಕಲ್ಪಿತ ಕಥೆಗೆ ನಾವು ಕ್ರೈಸ್ತರು ಹೆದರಬೇಕಾಗಿಲ್ಲ. ಒಳ್ಳೆಯ ಸಮಾರಿಯನ ಕಥೆಯನ್ನು ಪ್ರಭು ಹೇಳಿದಾಗ ಆ ಸಮಾರಿಯನ ಊರು ಯಾವುದು, ಛತ್ರದವನ ಹೆಸರೇನು ಎಂದು ಯಾರೂ ಕೇಳಲಿಲ್ಲ. ಅದು ಸಾಮತಿ, ಅದರ ಸತ್ಯ ಬೇರೆ ಬಗೆಯದು. ಪವಿತ್ರ ಗ್ರಂಥದಲ್ಲಿಯೇ ಚರಿತ್ರೆ, ಪ್ರವಾದನೆ, ಕಾವ್ಯ ಎಂಬ ಬೇರೆ ಬೇರೆ ಪ್ರಕಾರಗಳಿವೆ. ಸತ್ಯವು ಒಂದೊಂದರಲ್ಲಿ ಒಂದೊಂದು ರೀತಿಯಲ್ಲಿ ಪ್ರಕಟವಾಗುವುದರಿಂದ ಓದುವವನು ಪ್ರಕಾರವನ್ನು ಅರಿತು ಓದಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವಪ್ರಕಟಣೆಯ ಕುರಿತಾದ ತನ್ನ ಸಂವಿಧಾನದಲ್ಲಿ ಬೋಧಿಸಿತು. ಈ ಬೋಧನೆ ಸಿನಿಮಾ ನೋಡುವವರಿಗೂ ಉಪಯುಕ್ತ.

ಸಾಮತಿ ತನ್ನನ್ನು ಸಾಮತಿಯೆಂದೇ ತೋರಿಸಿಕೊಳ್ಳುತ್ತದೆ. ಯುದ್ಧಚಿತ್ರವು ನಿಜವಾದ ಯುದ್ಧದ, ನಿಜವಾದ ರೈಲುಮಾರ್ಗದ ಹೆಸರನ್ನು ಹೊತ್ತು, ನಿಜವಾದ ಕಾಡನ್ನು ತೋರಿಸಿ, 'ಇದು ಹೀಗೆಯೇ ನಡೆಯಿತು' ಎಂಬ ಧ್ವನಿಯಲ್ಲಿ ಮಾತನಾಡುತ್ತದೆ. ಆ ಧ್ವನಿಯನ್ನು ಎತ್ತಿದ ಮೇಲೆ ಅದು ಸಾಕ್ಷಿಯ ಕಟಕಟೆಯಲ್ಲಿ ನಿಂತಂತೆಯೇ. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯಲ್ಲಿ ಬದುಕಿರುವ ನೆರೆಯವನಿಗೆ ಮಾತ್ರ ಎಂಬ ಮಿತಿಯಿಲ್ಲ. ಸತ್ತವನಿಗೂ ಮಾನವಿದೆ. ಅದನ್ನು ಕಾಯಲು ಅವನು ಎದ್ದು ಬರಲಾರ, ಅಷ್ಟೇ.

ವಿಪರ್ಯಾಸವೆಂದರೆ, ಈ ಚಿತ್ರದ ಶೀರ್ಷಿಕೆಪಟ್ಟಿಯೇ ಸುಳ್ಳಾಗಿತ್ತು. ಚಿತ್ರಕಥೆ ಬರೆದವರು ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್. ಕಮ್ಯುನಿಸ್ಟ್ ಶಂಕೆಯ ಕಾರಣ ಹಾಲಿವುಡ್ ಅವರನ್ನು ಬಹಿಷ್ಕರಿಸಿತ್ತು. ಆದ್ದರಿಂದ ತೆರೆಯ ಮೇಲೆ ಕಾದಂಬರಿಕಾರ ಬೂಲ್ ಅವರ ಹೆಸರು ಹಾಕಿ, ಚಿತ್ರಕಥೆಯ ಆಸ್ಕರ್ ಅನ್ನೂ ಅವರಿಗೇ ಕೊಡಲಾಯಿತು. ನಿಜವಾದ ಲೇಖಕರಿಗೆ ಆ ಗೌರವ ಸಂದದ್ದು 1980ರ ದಶಕದಲ್ಲಿ, ಇಬ್ಬರೂ ತೀರಿಕೊಂಡ ಮೇಲೆ.

ಅಚ್ಚರಿಯ ಸಂಗತಿ ಇನ್ನೊಂದಿದೆ. ನಿಜವಾದ ಸೇತುವೆಯ ಕೆಳಗೆ ಹರಿಯುತ್ತಿದ್ದುದು ಮೇ ಕ್ಲಾಂಗ್ ನದಿ. ಚಿತ್ರ ನೋಡಿ ಬಂದ ಪ್ರವಾಸಿಗರು ಕ್ವಾಯ್ ಎಲ್ಲಿ ಎಂದು ಹುಡುಕತೊಡಗಿದಾಗ, 1960ರ ದಶಕದಲ್ಲಿ, ಥಾಯ್ಲೆಂಡಿನವರು ಆ ಭಾಗದ ನದಿಗೆ ಕ್ವೇ ಯೈ ಎಂದು ಹೊಸ ಹೆಸರಿಟ್ಟರು. ನದಿಯ ಹೆಸರನ್ನೇ ಬದಲಿಸಿದ ಚಿತ್ರ ಮಕ್ಕಳ ಮನಸ್ಸಿನಲ್ಲಿರುವ ಚರಿತ್ರೆಯನ್ನು ಬದಲಿಸದೆ ಬಿಟ್ಟೀತೇ?

ತೆರೆಯ ಹೊರಗೆ ಉಳಿದವರು

ಸುಳ್ಳು ಹೇಳುವುದಕ್ಕೆ ಇನ್ನೊಂದು ದಾರಿಯಿದೆ: ಹೇಳದೆ ಬಿಡುವುದು. ನನ್ನನ್ನು ಹೆಚ್ಚು ಕಾಡುವುದು ಇದೇ.

ಆ ರೈಲುಮಾರ್ಗದಲ್ಲಿ ದುಡಿದ ಯುದ್ಧಕೈದಿಗಳ ಸಂಖ್ಯೆಯನ್ನು ಮೇಲೆ ಹೇಳಿದೆ. ಅವರಿಗಿಂತ ಬಹುಪಾಲು ಹೆಚ್ಚಾಗಿ, ಒಂದು ಲಕ್ಷದ ಎಂಬತ್ತು ಸಾವಿರಕ್ಕೂ ಅಧಿಕವೆಂದು ಅಂದಾಜಿರುವಷ್ಟು ಏಷ್ಯದ ಕೂಲಿಗಳು ಅಲ್ಲಿ ದುಡಿದರು. ಬರ್ಮಾದವರು, ಮಲಯಾದವರು, ಜಾವಾದವರು ಇದ್ದರು. ಅವರೊಂದಿಗೆ ದೊಡ್ಡ ಸಂಖ್ಯೆಯಲ್ಲಿ ಮಲಯಾದ ರಬ್ಬರ್ ತೋಟಗಳ ತಮಿಳರಿದ್ದರು. ಇವರ ಹಿರಿಯರು ನಮ್ಮ ನೆರೆಯ ತಮಿಳುನಾಡಿನ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿದವರು. ಯುದ್ಧದಿಂದ ತೋಟದ ಕೆಲಸ ನಿಂತುಹೋದಾಗ ಕೆಲವರನ್ನು ಒಳ್ಳೆಯ ಕೂಲಿಯ ಆಸೆ ತೋರಿಸಿ, ಕೆಲವರನ್ನು ಬಲವಂತದಿಂದ ರೈಲಿಗೆ ತುಂಬಿ ಒಯ್ದರು. ಹೆಂಗಸರು ಮಕ್ಕಳೂ ಜೊತೆಯಲ್ಲಿದ್ದರು.

ಸೈನಿಕರಿಗೆ ಅವರದೇ ಅಧಿಕಾರಿಗಳಿದ್ದರು, ವೈದ್ಯರಿದ್ದರು, ನೀರು ಕುದಿಸಿ ಕುಡಿಯಬೇಕೆಂಬ ಶಿಸ್ತಿತ್ತು. ಈ ಬಡವರಿಗೆ ಅದಾವುದೂ ಇರಲಿಲ್ಲ. 1943ರ ಮಳೆಗಾಲದಲ್ಲಿ ಕಾಲರಾ ಬಂದಾಗ ಶಿಬಿರಗಳಿಗೆ ಶಿಬಿರಗಳೇ ಬರಿದಾದವು. ಸುಮಾರು ತೊಂಬತ್ತು ಸಾವಿರ ಮಂದಿ ಸತ್ತರೆಂದು ಅಂದಾಜು. ಅಂದಾಜು ಎನ್ನುವುದೇಕೆಂದರೆ ಲೆಕ್ಕ ಇಟ್ಟವರಿಲ್ಲ. ಕಾಂಚನಬುರಿಯ ಯುದ್ಧಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸೈನಿಕರ ಸಮಾಧಿಗಳು ಅಚ್ಚುಕಟ್ಟಾದ ಸಾಲುಗಳಲ್ಲಿವೆ, ಹೆಚ್ಚಿನವುಗಳ ಮೇಲೆ ಹೆಸರಿದೆ. ಕೂಲಿಗಳಿಗೆ ಅಂಥ ಸಾಲುಗಳಿಲ್ಲ.

ಲೀನ್ ಅವರ ಚಿತ್ರದಲ್ಲಿ ಈ ತಮಿಳರ ಶಿಬಿರಗಳನ್ನು ಹುಡುಕಿರಿ. ಇಲ್ಲ. ಅಲ್ಲಿ ನೋವು ಪಡುವವರು, ಗೌರವಕ್ಕಾಗಿ ಹೋರಾಡುವವರು, ಕಟ್ಟುವವರು, ಕೆಡವುವವರು ಎಲ್ಲರೂ ಬಿಳಿಯ ಸೈನಿಕರು. ಜಪಾನೀ ಇಂಜಿನಿಯರುಗಳನ್ನು ಸೇತುವೆ ಕಟ್ಟಲು ಬಾರದವರೆಂದು ತೋರಿಸಿದ್ದೂ ಸುಳ್ಳೇ. ಅವರು ಸಮರ್ಥರಾಗಿದ್ದರು. ಅವರ ಅಪರಾಧ ಅಸಾಮರ್ಥ್ಯವಲ್ಲ, ಕ್ರೌರ್ಯ. ಅಪರಾಧಿಯ ಬಗ್ಗೆ ಹೇಳುವಾಗಲೂ ಅವನು ಮಾಡಿದ ಅಪರಾಧವನ್ನೇ ಹೇಳಬೇಕು, ಮಾಡದ್ದನ್ನಲ್ಲ.

ರಕ್ತದ ನಿಖರತೆ

ಇದು ಹಳೆಯ ಕಾಲದ ಸಿನಿಮಾದ ದೋಷ, ಈಚಿನ ಚಿತ್ರಗಳು ಹಾಗಲ್ಲ ಎಂದು ಕೆಲವರು ಹೇಳುತ್ತಾರೆ. ಸ್ಟೀವನ್ ಸ್ಪೀಲ್‌ಬರ್ಗ್ ಅವರ 'ಸೇವಿಂಗ್ ಪ್ರೈವೇಟ್ ರಯಾನ್' 1998ರಲ್ಲಿ ಬಂದಿತು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಅಮೆರಿಕನ್ ಸೈನಿಕರು ಇಳಿದ ದೃಶ್ಯದಿಂದ ಅದು ಯುದ್ಧಚಿತ್ರಗಳ ರೀತಿಯನ್ನೇ ಬದಲಿಸಿತು. ಗುಂಡು ತಗುಲಿದವನು ಸೊಗಸಾಗಿ ಕೈಚಾಚಿ ಬೀಳುವ ಹಳೆಯ ಪದ್ಧತಿ ಅಲ್ಲಿಲ್ಲ. ತಾಯಿಯನ್ನು ಕೂಗುತ್ತ ಸಾಯುತ್ತಾರೆ. ಅಂದು ಅಲ್ಲಿದ್ದ ಹಿರಿಯ ಸೈನಿಕರನೇಕರು ಹೀಗೆಯೇ ಇತ್ತೆಂದು ಒಪ್ಪಿದರು. ಯುದ್ಧವನ್ನು ಆಟವೆಂದು ತಿಳಿದ ಹುಡುಗರಿಗೆ ಆ ದೃಶ್ಯ ಒಂದು ಪಾಠ. ಚಿಕ್ಕ ಮಕ್ಕಳಿಗೆ ತೋರಿಸುವಂಥದ್ದಲ್ಲವೆಂಬುದನ್ನು ತಂದೆತಾಯಿಗಳು ನೆನಪಿಡಬೇಕು.

ಆದರೆ ಕಥೆ? ನಾಲ್ವರು ಸಹೋದರರಲ್ಲಿ ಮೂವರು ಸತ್ತರೆಂದು ತಿಳಿದು, ನಾಲ್ಕನೆಯವನನ್ನು ಹುಡುಕಿ ಮನೆಗೆ ಕಳುಹಿಸಲು ಎಂಟು ಮಂದಿ ಸೈನಿಕರು ಹೊರಡುತ್ತಾರೆ. ಆರು ಮಂದಿ ಸಾಯುತ್ತಾರೆ. ಇದಕ್ಕೆ ಪ್ರೇರಣೆಯಾದದ್ದು ನ್ಯೂಯಾರ್ಕ್ ರಾಜ್ಯದ ನೈಲಂಡ್ ಸಹೋದರರ ಜೀವನ. ಅಲ್ಲಿ ಹುಡುಕಾಟದ ಪಡೆ ಇರಲಿಲ್ಲ, ಯಾರೂ ಅದಕ್ಕಾಗಿ ಸಾಯಲಿಲ್ಲ. ಇದ್ದವರು ಒಬ್ಬ ಕಥೋಲಿಕ ಗುರು, ಪ್ಯಾರಾಷೂಟ್ ಪಡೆಯ ಚಾಪ್ಲಿನ್ ಆಗಿದ್ದ ಸ್ವಾಮಿ ಫ್ರಾನ್ಸಿಸ್ ಸ್ಯಾಂಪ್ಸನ್. ಕಿರಿಯನಾದ ಫ್ರಿಟ್ಜ್ ನೈಲಂಡ್ ಒಬ್ಬ ಅಣ್ಣನ ಸಮಾಧಿಯನ್ನು ಹುಡುಕುವಾಗ ಸ್ಮಶಾನದ ಪಟ್ಟಿಯಲ್ಲಿ ಮತ್ತೊಬ್ಬ ಅಣ್ಣನ ಹೆಸರು ಕಂಡುಬಂದಿತು. ಆ ಗಳಿಗೆಯಲ್ಲಿ ಅವನ ಪಕ್ಕದಲ್ಲಿ ಇದ್ದವರು ಸ್ಯಾಂಪ್ಸನ್. ಅವನನ್ನು ಮನೆಗೆ ಕಳುಹಿಸುವ ಏರ್ಪಾಡಿನಲ್ಲಿ ನೆರವಾದವರೂ ಅವರೇ. ಇನ್ನೂ ಒಂದು ಮಾತು: ಬರ್ಮಾದಲ್ಲಿ ವಿಮಾನದೊಂದಿಗೆ ಬಿದ್ದು ಸತ್ತನೆಂದು ತಿಳಿದಿದ್ದ ಮೂರನೆಯ ಸಹೋದರ ಎಡ್ವರ್ಡ್ ಜಪಾನೀಯರ ಸೆರೆಯಲ್ಲಿ ಬದುಕಿದ್ದು 1945ರಲ್ಲಿ ಹಿಂದಿರುಗಿದನು.

ನಡೆದ ಕಥೆಯಲ್ಲಿ ಶವವೆಂದು ಭಾವಿಸಿದ ಮಗ ಜೀವಂತನಾಗಿ ತಾಯಿಯ ಬಳಿಗೆ ಬಂದನು. ಚಿತ್ರದಲ್ಲಿ ಒಬ್ಬನನ್ನು ಉಳಿಸಲು ಆರು ಮಂದಿ ಸತ್ತರು. ಗಾಯಗಳನ್ನು ಅಷ್ಟು ನಿಷ್ಠೆಯಿಂದ ತೋರಿಸಿದ ಚಿತ್ರಕ್ಕೆ, ಸಮಾಧಿಯ ಪಕ್ಕದಲ್ಲಿ ಸುಮ್ಮನೆ ನಿಂತ ಗುರು ಬೇಕಾಗಲಿಲ್ಲ. ಬಂದೂಕಿಲ್ಲದ ಕರುಣೆ ತೆರೆಗೆ ಸಪ್ಪೆಯೆನಿಸಿತೋ ಏನೋ. ಸ್ಪೀಲ್‌ಬರ್ಗ್ ಯಾರ ಮಾನವನ್ನೂ ಕಳೆಯಲಿಲ್ಲ, ಹೆಸರುಗಳನ್ನೂ ಬದಲಿಸಿದರು. ಆದ್ದರಿಂದ ಇದನ್ನು ಸುಳ್ಳುಸಾಕ್ಷಿಯೆಂದು ನಾನು ಹೇಳುವುದಿಲ್ಲ. ಆದರೆ ರಕ್ತ ನಿಜವಾಗಿ ಕಂಡ ಮಾತ್ರಕ್ಕೆ ಕಥೆಯೂ ನಿಜವೆಂದು ತಿಳಿಯಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ರೋಮಿನ ಬೀದಿಗಳಲ್ಲಿ

ಹಾಗಾದರೆ ಸತ್ಯ ಹೇಳುವ ಯುದ್ಧಚಿತ್ರ ಹೇಗಿರುತ್ತದೆ? ರೊಬೆರ್ತೊ ರೊಸೆಲ್ಲಿನಿಯವರ 'ರೋಮ್, ಓಪನ್ ಸಿಟಿ' ಚಿತ್ರವನ್ನು ನೋಡಿರಿ. 1944ರ ಜೂನ್ 4ರಂದು ರೋಮ್ ನಾಜಿಗಳಿಂದ ಬಿಡುಗಡೆಯಾಯಿತು. ಮರುವರ್ಷದ ಆರಂಭದಲ್ಲಿಯೇ, ಯುದ್ಧ ಇನ್ನೂ ಮುಗಿಯದಿರುವಾಗ, ಅದೇ ಬೀದಿಗಳಲ್ಲಿ ಚಿತ್ರೀಕರಣ ಶುರುವಾಯಿತು. ಹಣವಿರಲಿಲ್ಲ, ಫಿಲಂ ಸುರುಳಿಗಳನ್ನು ತುಂಡುತುಂಡಾಗಿ ಹೊಂದಿಸಿಕೊಂಡರು. 1945ರ ಸೆಪ್ಟೆಂಬರಿನಲ್ಲಿ ರೋಮಿನ ಜನ ಅದನ್ನು ನೋಡಿದರು. ವ್ಯಾಟಿಕನ್ 1995ರಲ್ಲಿ, ಸಿನಿಮಾ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ, ಪ್ರಕಟಿಸಿದ 45 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಇದೂ ಇದೆ.

ಈ ಚಿತ್ರದಲ್ಲಿ ದೋನ್ ಪಿಯೆತ್ರೊ ಎಂಬ ಧರ್ಮಕೇಂದ್ರದ ಗುರುಗಳು ನಾಜಿಗಳ ವಿರುದ್ಧ ಹೋರಾಡುವವರಿಗೆ ನೆರವಾಗಿ ಸೆರೆಯಾಗುತ್ತಾರೆ, ಗುಂಡಿಗೆ ಬಲಿಯಾಗುತ್ತಾರೆ. ಈ ಹೆಸರಿನ ಈ ಗುರು ಚರಿತ್ರೆಯಲ್ಲಿಲ್ಲ. ಚರಿತ್ರೆಯಲ್ಲಿ ಇಬ್ಬರಿದ್ದರು. ಸ್ವಾಮಿ ಜುಸೆಪ್ಪೆ ಮೊರೊಸಿನಿಯವರನ್ನು 1944ರ ಏಪ್ರಿಲ್ 3ರಂದು ಬ್ರವೆತ್ತಾ ಕೋಟೆಯಲ್ಲಿ ಗುಂಡಿಟ್ಟು ಕೊಂದರು, ಅವರಿಗೆ 31 ವರ್ಷ. ಕಿರುಕುಳಕ್ಕೊಳಗಾದವರಿಗೆ ಗುಟ್ಟಾಗಿ ಗುರುತುಪತ್ರಗಳನ್ನು ಮಾಡಿಕೊಟ್ಟ ಸ್ವಾಮಿ ಪಿಯೆತ್ರೊ ಪಪ್ಪಗಾಲ್ಲೊ, ಅದಕ್ಕೆ ಹತ್ತು ದಿನ ಮುಂಚೆ, ಮಾರ್ಚ್ 24ರಂದು, ಅರ್ದೆಯಾತಿನೆ ಗುಹೆಗಳಲ್ಲಿ ಕೊಲೆಯಾದ 335 ಮಂದಿಯಲ್ಲಿ ಒಬ್ಬರು. ಇಬ್ಬರನ್ನು ಬೆಸೆದು ಒಂದು ಪಾತ್ರ ಮಾಡಲಾಯಿತು. ಬಂಧಿತನಾದ ಗಂಡನ ಬಳಿ ಹೋಗಲೆಂದು ಮುನ್ನುಗ್ಗಿ ಗುಂಡು ತಿಂದ ಗರ್ಭಿಣಿ ತೆರೇಸಾ ಗುಲ್ಲಾಚೆಯ ಸಾವೇ ಪೀನಾ ಎಂಬ ಪಾತ್ರದ ಸಾವಾಯಿತು, ಸ್ಥಳ ಸನ್ನಿವೇಶಗಳು ಬದಲಾದವು.

ಇಲ್ಲಿಯೂ ಬದಲಾವಣೆ, ಅಲ್ಲಿಯೂ ಬದಲಾವಣೆ. ವ್ಯತ್ಯಾಸವೇನು? ರೊಸೆಲ್ಲಿನಿಯವರು ವಿವರಗಳನ್ನು ಬದಲಿಸಿದರೂ ಆ ಮನುಷ್ಯರು ಯಾವುದಕ್ಕಾಗಿ ಬದುಕಿ ಸತ್ತರೋ ಅದನ್ನು ಬದಲಿಸಲಿಲ್ಲ. ಕಣ್ಣೀರು ಇನ್ನೂ ಆರದ ರೋಮಿನ ಜನ ಆ ಗುರುವಿನಲ್ಲಿ ತಮ್ಮ ಗುರುಗಳನ್ನು ಗುರುತಿಸಿದರು. ತಾಮರ್ಕನ್‌ನ ಕೈದಿಗಳು ನಿಕೋಲ್ಸನ್‌ನಲ್ಲಿ ತಮ್ಮ ಕರ್ನಲ್‌ರನ್ನು ಗುರುತಿಸಲಾರದೆ ಹೋದರು.

ಈ ಚಿತ್ರದ ಕೊನೆಯಲ್ಲಿಯೂ ಒಂದು ಸಿಳ್ಳೆಯಿದೆ. ಗುರುಗಳನ್ನು ಕುರ್ಚಿಗೆ ಕಟ್ಟಿ ಕೂರಿಸಿರುವಾಗ ಅವರ ಧರ್ಮಕೇಂದ್ರದ ಹುಡುಗರು ಬೇಲಿಯಾಚೆ ನಿಂತು ತಮಗೆಲ್ಲ ಪರಿಚಿತವಾದ ರಾಗವನ್ನು ಸಿಳ್ಳೆಯಲ್ಲಿ ಹಾಡುತ್ತಾರೆ. 'ಸ್ವಾಮಿ, ನಾವಿಲ್ಲಿದ್ದೇವೆ' ಎಂದು ಹೇಳುವಂತೆ. ಆಮೇಲೆ ತಲೆ ತಗ್ಗಿಸಿ ಊರಿನ ಕಡೆಗೆ ನಡೆಯುತ್ತಾರೆ, ದೂರದಲ್ಲಿ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ ಕಾಣುತ್ತದೆ. ಕ್ವಾಯ್ ಚಿತ್ರದ ಸಿಳ್ಳೆ ಇಂಪಾದುದು, ಇದು ಅಷ್ಟು ಇಂಪಲ್ಲ. ಆದರೆ ಯಾಜಕನಾದ ನನಗೆ ಇಂದು ನೆನಪಾಗುವುದು ಇದೇ.

ಹಾಗೆಂದು ಮೆಚ್ಚಿದ ಚಿತ್ರಕ್ಕೆ ರಿಯಾಯಿತಿ ಕೊಡಬಾರದು. 1943ರ ಅಕ್ಟೋಬರ್ 16ರಂದು ರೋಮಿನ ಸಾವಿರಕ್ಕೂ ಹೆಚ್ಚು ಯೆಹೂದ್ಯರನ್ನು ಹಿಡಿದು ಆಶ್ವಿಟ್ಸ್‌ಗೆ ಸಾಗಿಸಿದರು, ಹಿಂದಿರುಗಿದವರು 16 ಮಂದಿ. ಅದೇ ನಗರದ, ಅದೇ ತಿಂಗಳುಗಳ ಈ ಚಿತ್ರದಲ್ಲಿ ಆ ಘಟನೆ ಬರುವುದಿಲ್ಲ. ಇಟಲಿಯ ಸ್ವಂತ ಫ್ಯಾಸಿಸ್ಟರ ಹೊಣೆಯನ್ನೂ ಚಿತ್ರ ಹಗುರಗೊಳಿಸಿ, ಪಾಪದ ಭಾರವನ್ನು ಬಹುಮಟ್ಟಿಗೆ ಜರ್ಮನರ ಮೇಲೆ ಹಾಕುತ್ತದೆ. ನಮ್ಮವರ ಕಥೆ ಹೇಳುವಾಗ ನಾವೂ ಯಾರನ್ನಾದರೂ ತೆರೆಯ ಹೊರಗೆ ಬಿಟ್ಟಿರುತ್ತೇವೆ. ಇದು ಆತ್ಮಶೋಧನೆಗೆ ತಕ್ಕ ವಿಷಯ.

ಮನೆಯಲ್ಲಿ ನಾವು ಮಾಡಬಹುದಾದದ್ದು

ಮನೆಯೊಳಗೆ ಬರುವ ಚಿತ್ರಗಳ ಬಗ್ಗೆ ತಂದೆತಾಯಿಗಳಿಗೆ ಗುರುತರ ಹೊಣೆಯಿದೆಯೆಂದು ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತ್ತು. ಅಶ್ಲೀಲವಾದುದನ್ನು ತಡೆದರೆ ಆ ಹೊಣೆ ತೀರಿತೆಂದು ಭಾವಿಸಬೇಡಿರಿ. ಯುದ್ಧದ ಚಿತ್ರ ಮುಗಿದ ಮೇಲೆ ಮಕ್ಕಳೊಂದಿಗೆ ಸ್ವಲ್ಪ ಹೊತ್ತು ಮಾತನಾಡಿರಿ. ಇದರಲ್ಲಿ ತೋರಿಸಿದವರು ನಿಜವಾಗಿ ಇದ್ದವರೇ, ಇದ್ದರೆ ಅವರು ಇದನ್ನು ನೋಡಿ ಏನೆನ್ನುತ್ತಿದ್ದರು ಎಂದು ಕೇಳಿರಿ. ಶತ್ರುವಿಗೂ ಮನುಷ್ಯನ ಮುಖವಿತ್ತೇ ಎಂದು ಕೇಳಿರಿ. ಅಲ್ಲಿದ್ದೂ ಕಾಣಿಸದವರು ಯಾರು ಎಂದು ಕೊನೆಗೆ ಕೇಳಿರಿ. ಉತ್ತರ ತಿಳಿಯದಿದ್ದರೆ ಮಗುವಿನೊಂದಿಗೆ ಕುಳಿತು ಹುಡುಕಿರಿ. 'ಹೌದು, ನಡೆದದ್ದೇ' ಎಂಬ ಅವಸರದ ಉತ್ತರಕ್ಕಿಂತ ಅದು ಒಳ್ಳೆಯದು. ಕ್ವಾಯ್ ಚಿತ್ರವನ್ನು ನೋಡಬೇಡಿರೆಂದು ನಾನು ಹೇಳುತ್ತಿಲ್ಲ. ನೋಡಿರಿ, ಅಹಂಕಾರದ ಕುರಿತಾದ ಸಾಮತಿಯೆಂದು ನೋಡಿರಿ. ನೋಡಿದ ಮೇಲೆ ಫಿಲಿಪ್ ಟೂಸಿ ಎಂಬ ಹೆಸರನ್ನು ಮಕ್ಕಳಿಗೆ ಹೇಳಿರಿ.

ಸತ್ಯಕ್ಕೆ ವಿರುದ್ಧವಾದ ಅಪರಾಧಕ್ಕೆ ಕ್ಷಮೆ ಸಿಕ್ಕಿದರೂ ಪರಿಹಾರ ಮಾಡುವ ಕರ್ತವ್ಯ ಉಳಿಯುತ್ತದೆಂದು ಧರ್ಮಸಭೆ ಕಲಿಸುತ್ತದೆ. ಆ ಚಿತ್ರವನ್ನು ಮಾಡಿದವರು ನಾವಲ್ಲ. ಆದರೂ ಅದನ್ನು ನಂಬಿ ಸಿಳ್ಳೆ ಹಾಕಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದ್ದರಿಂದ ಸಣ್ಣದೊಂದು ಪರಿಹಾರವನ್ನು ನನಗೆ ನಾನೇ ವಿಧಿಸಿಕೊಂಡಿದ್ದೇನೆ. ನವೆಂಬರ್ 2ರಂದು, ಮೃತರೆಲ್ಲರ ಸ್ಮರಣೆಯ ದಿನ, ನೀವು ನಿಮ್ಮ ಹಿರಿಯರ ಹೆಸರುಗಳನ್ನು ಬರೆದು ಪೀಠದ ಬಳಿ ಇಡುತ್ತೀರಿ. ನಾನು ಒಂದೊಂದಾಗಿ ಓದುತ್ತೇನೆ. ಓದಿ ಮುಗಿದ ಮೇಲೆ ಒಂದು ಕ್ಷಣ ಸುಮ್ಮನಿರುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗಾಗಿ ಆ ಮೌನ. ಕಾಡಿನ ಆ ರೈಲುಹಳಿಯ ಪಕ್ಕದಲ್ಲಿ ಮಣ್ಣಾದ ತೋಟದ ಕೂಲಿಗಳು, ಅವರ ಹೆಂಗಸರು, ಅವರ ಮಕ್ಕಳು ಅದರಲ್ಲಿ ಸೇರಿದ್ದಾರೆ. ಅವರ ಹೆಸರು ದೇವರಿಗೆ ಗೊತ್ತು. ಬರುವ ನವೆಂಬರಿನಲ್ಲಿ ಆ ಕ್ಷಣ ಬಂದಾಗ ನೀವೂ ಅವರನ್ನು ನೆನೆಯಿರಿ.